ಮೂವತ್ತು ಹೆಜ್ಜೆ ಆಚೆಯ ಒಲೆ

ನನ್ನ ಕೋಪಕ್ಕೆ ಒಂದು ಕಾಲದಲ್ಲಿ ಊಟಿಯ ಆಫೀಸುಗಳಲ್ಲೆಲ್ಲ ಹೆಸರಿತ್ತು. ನಾನು ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಗುಮಾಸ್ತರು ಫೈಲಿನೊಳಗೆ ತಲೆ ಹುದುಗಿಸುತ್ತಿದ್ದರು. ಬಡವರಿಗೆ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟಿಸಿಕೊಡುವ ಒಂದು ಸಣ್ಣ ಸಂಸ್ಥೆಯನ್ನು ತೊಂಬತ್ತರ ದಶಕದ ನಡುವಿನಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ನಡೆಸಿದೆ. ಮೆತ್ತಗೆ ಮಾತಾಡಿದರೆ ಈ ಜಿಲ್ಲೆಯಲ್ಲಿ ಒಂದು ಕೋಳಿಗೂಡೂ ಏಳುವುದಿಲ್ಲ ಎಂದು ಮೊದಲ ವರ್ಷದಲ್ಲೇ ಕಲಿತಿದ್ದೆ. ಆ ಕೋಪದ ಬಗ್ಗೆ ಒಳಗೊಳಗೇ ಜಂಬವೂ ಇತ್ತು. ಬಡವರ ಪರವಾಗಿ ಸಿಟ್ಟಾಗುವವಳು ತಪ್ಪು ಮಾಡಲಾರಳು ಎಂದುಕೊಂಡಿದ್ದೆ. ಈಗ ಬರೆಯಲು ಕೂತಿರುವುದು ನಾನು ಮಾಡಿದ ತಪ್ಪಿನ ವಿಷಯ.

ಆ ಸಿಟ್ಟು ಹುಟ್ಟಿದ್ದು ಊಟಿ ಬೆಟ್ಟದ ಕೆಳಗಿನ ಮಸಿನಗುಡಿಯಲ್ಲಿ, ನಮ್ಮವ್ವನ ಒಲೆಯ ಹತ್ತಿರ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಅಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದೆ ಒಂದೇ ಒಂದು ಬಾಡಿಗೆ ಕೋಣೆ. ಗೋಡೆ ಕಪ್ಪಾಗುತ್ತದೆ ಎಂದು ಮಾಲೀಕರು ಒಳಗೆ ಒಲೆ ಹಚ್ಚಲು ಬಿಡುತ್ತಿರಲಿಲ್ಲ. ಅವ್ವ ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ ಬೇಯಿಸುತ್ತಿದ್ದಳು. ಮಳೆ ಓರೆಯಾಗಿ ಬಡಿದಾಗ ನಾನು ಒಲೆಗೆ ಕೊಡೆ ಹಿಡಿದು ನಿಲ್ಲುತ್ತಿದ್ದೆ, ಅವಳು ಮುದ್ದೆ ತೊಳಸುತ್ತಿದ್ದಳು. ಮಾಲೀಕರ ಹೆಂಡತಿ ಕಿಟಕಿಯಿಂದ ಇಣುಕಿ, ಹೊಗೆ ತನ್ನ ಕಡೆ ಬರುತ್ತಿದೆ ಎಂದು ಕೂಗುತ್ತಿದ್ದಳು. ಹೊಗೆಗೆ ದಾರಿ ತೋರಿಸಲು ಯಾರಿಂದಾದೀತು? ಅವ್ವ ಕೆಮ್ಮುತ್ತಿದ್ದಳು. ಆ ಹೆಂಗಸಿನ ಮೇಲಿನ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ಹಾಗಾಗಿ ಸಂಸ್ಥೆಯ ಹೊಣೆ ನನ್ನ ಕೈಗೆ ಬಂದ ಕೂಡಲೇ ನಾನು ಮಾಡಿದ ಮೊದಲ ಜಗಳ ಅಡುಗೆಮನೆಗಾಗಿ. ಅಲ್ಲಿಯವರೆಗೆ ನಾವು ಕಟ್ಟುತ್ತಿದ್ದದ್ದು ಒಂದು ಕೋಣೆ, ಒಂದು ಜಗಲಿ, ಮೇಲೆ ಸಿಮೆಂಟ್ ಶೀಟು. ಪಟ್ಟಾ, ಅಂದರೆ ನೆಲದ ಹಕ್ಕುಪತ್ರ, ಇರುವ ಕುಟುಂಬಕ್ಕೆ ಸಾಮಾನು, ಮೇಸ್ತ್ರಿ ನಮ್ಮದು. ತಳಪಾಯ ಅಗೆಯುವುದು, ಸಿಮೆಂಟ್ ಬ್ಲಾಕ್ ಹೊರುವುದು, ನೀರು ಹಾಕುವುದು ಅವರದು. ಅಡುಗೆಮನೆ ಸೇರಿಸಿ ಎಂದು ನಾನು ಕೇಳಿದರೆ, ದೂರದ ನಗರದಲ್ಲಿ ಕೂತು ಹಣ ಕೊಡುವ ದಾನಿಗಳು ಅದು ಅನಾವಶ್ಯಕ ಎಂದು ಬರೆದರು. ನಮ್ಮ ಆಡಳಿತ ಸಮಿತಿಯ ಅಧ್ಯಕ್ಷರು ನಿವೃತ್ತ ಅಧಿಕಾರಿ. "ಅವರಿಗೆ ಹೊರಗೆ ಬೇಯಿಸಿಯೇ ಅಭ್ಯಾಸ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಿಮ್ಮ ಮನೆಯವರು ಒಂದು ವಾರ ಬಯಲಲ್ಲಿ ಬೇಯಿಸಲಿ, ಆಮೇಲೆ ಅಭ್ಯಾಸದ ಮಾತಾಡೋಣ ಎಂದೆ. ಸಭೆಯಲ್ಲಿ ಯಾರೂ ಚಹಾ ಮುಟ್ಟಲಿಲ್ಲ. ಒಂದು ವರ್ಷ ಹಟ ಹಿಡಿದು ಕೊನೆಗೆ ಗೆದ್ದೆ.

ಗೆದ್ದ ಹುಮ್ಮಸ್ಸಿನಲ್ಲಿ ಎರಡು ನಿಯಮ ಬರೆದೆ. ಒಳಗೆ ಅಡುಗೆಮನೆ ಇಲ್ಲದ ಮನೆಯನ್ನು ನಾವು ಕಟ್ಟುವುದಿಲ್ಲ ಎನ್ನುವುದು ಮೊದಲನೆಯದು. ಹೊಸ ಮನೆಯ ಬೀಗದ ಕೈ ಕೊಡುವ ಮುಂಚೆ ಹಳೆಯ ಗುಡಿಸಲನ್ನು ಕೆಡವಿರಬೇಕು ಎನ್ನುವುದು ಎರಡನೆಯದು. ಎಮರಾಲ್ಡ್ ಊರಿನ ಕಡೆ ಒಬ್ಬ ನಮ್ಮ ಮನೆಯನ್ನು ತರಕಾರಿ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟು, ಹೆಂಡತಿ ಮಕ್ಕಳನ್ನು ಹಳೆಯ ಗುಡಿಸಲಲ್ಲೇ ಇಟ್ಟಿದ್ದ. ಅದನ್ನು ನೋಡಿ ಬಂದ ಸಿಟ್ಟಿನಲ್ಲಿ ಬರೆದ ನಿಯಮ ಅದು. ಎರಡೂ ನನ್ನ ಕೈಬರಹದಲ್ಲೇ ಇದ್ದವು.

ಮಸಿನಗುಡಿ ಹತ್ತಿರದ ಮಾವನಲ್ಲ ಎಂಬ ಊರು ದಾಟಿ ಮುಖ್ಯ ರಸ್ತೆ ಬಿಟ್ಟು ಒಳಗೆ ನಡೆದರೆ, ಕುರುಚಲು ಕಾಡಿನ ಅಂಚಿನಲ್ಲಿ ಇರುಳ ಬುಡಕಟ್ಟಿನ ಹನ್ನೆರಡು ಕುಟುಂಬಗಳಿದ್ದವು. ನಾವೆಲ್ಲ ಈ ಬೆಟ್ಟಕ್ಕೆ ಬರುವುದಕ್ಕೆ ಎಷ್ಟೋ ಕಾಲ ಮೊದಲಿನಿಂದ ಇದ್ದವರು. ಅವರು ಕೂತಿದ್ದ ನೆಲಕ್ಕೇ ಪಟ್ಟಾ ಬರೆಸಲು ಎರಡು ವರ್ಷ ಹಿಡಿಯಿತು. ಕಂದಾಯದವರನ್ನು ಕೇಳಿದರೆ ಅರಣ್ಯದವರನ್ನು ಕೇಳಿ ಎನ್ನುವರು. ಅರಣ್ಯದವರು ಸರ್ವೆಯವರ ಕಡೆ ಕೈ ತೋರಿಸುವರು. ಸರ್ವೆಯವರು ಊಟಕ್ಕೆ ಹೋಗಿರುವರು. ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನು ಹಳೆಯ ಜೀಪಿನಲ್ಲಿ ಇಳಿದು ಹತ್ತಿ, ಹತ್ತಿ ಇಳಿದು, ಸೊಂಟ ನೋವು ತಂದುಕೊಂಡೆ. ಒಬ್ಬ ಅಧಿಕಾರಿ ನನ್ನ ಎದುರೇ, ಈ ಜನಕ್ಕೆ ಮನೆ ಯಾಕಮ್ಮಾ, ಕಾಡಿದೆಯಲ್ಲ ಎಂದ. ಅವನ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನಾನು ಎಸೆಯಲಿಲ್ಲ. ಎಸೆಯಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಪಟ್ಟಾ ಬಂದ ಮೇಲೆ ಅಲ್ಲಿನ ದೊಡ್ಡ ಹುಣಸೆ ಮರದ ಕೆಳಗೆ ಸಭೆ ಸೇರಿಸಿದೆ. ನಮ್ಮ ಎಂಜಿನಿಯರು ನೆಲದ ಮೇಲೆ ನಕ್ಷೆ ಹಾಸಿ, ಗಾಳಿಗೆ ಹಾರದಂತೆ ಕಲ್ಲಿಟ್ಟರು. ಇದು ಮಲಗುವ ಕೋಣೆ, ಇದು ಅಡುಗೆಮನೆ, ನಡುವೆ ಒಂದು ಗೋಡೆ ಎಂದು ಕಡ್ಡಿಯಲ್ಲಿ ತೋರಿಸಿದರು. ಗಂಡಸರು ತಲೆ ಆಡಿಸಿದರು. ಮೇಕೆ ಮೇಯಿಸುವ ಹೆಂಗಸೊಬ್ಬಳು ನಕ್ಷೆಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಳು. ಗಂಡ ತೀರಿಕೊಂಡಿದ್ದ. ವಯಸ್ಸಾದ ಅವ್ವ, ಮದುವೆಗೆ ಬಂದ ಮಗಳು, ಇಷ್ಟೇ ಆಕೆಯ ಸಂಸಾರ. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಆಕೆ ನನ್ನನ್ನು ನೀವು ಎನ್ನುತ್ತಿದ್ದಳು, ನಾನು ಆಕೆಯನ್ನು ನೀನು ಎನ್ನುತ್ತಿದ್ದೆ. ಅದು ಅಂದು ನನಗೆ ತಪ್ಪಾಗಿಯೂ ಕಾಣಲಿಲ್ಲ.

"ಎಲ್ಲ ಸರಿ ಕನಮ್ಮಾ. ಒಲೆ ಮಾತ್ರ ಒಳಕ್ಕೆ ಬ್ಯಾಡ" ಎಂದಳು.

"ಯಾಕೆ?"

"ರಾಗಿ ಇದ್ದ ಕಡೆ ಆನೆ ಬತ್ತದೆ. ಉಪ್ಪಿನ ವಾಸ್ನೆಗೂ ಬತ್ತದೆ. ಒಲೆ, ರಾಗಿ ಎಲ್ಲ ಅಲ್ಲಿರ್ಲಿ, ನಾವು ಇಲ್ಲಿ ಮನಗ್ತೀವಿ. ಬಂದ್ರೆ ಅಲ್ಲೇ ತಿನ್ಕಂಡು ಹೋಯ್ತದೆ."

ಎದ್ದು ನಿಂತು ಕೈ ಚಾಚಿ ಅವರ ಒಲೆಗುಡಿಸಲುಗಳನ್ನು ತೋರಿಸಿದಳು. ಪ್ರತಿ ಮನೆಗೂ ಒಂದು, ಮಲಗುವ ಗುಡಿಸಲಿನಿಂದ ಮೂವತ್ತು ಹೆಜ್ಜೆ ದೂರ. ಬಿದಿರು ದಬ್ಬೆ, ಮೇಲೆ ಹುಲ್ಲು, ಆಳೆತ್ತರವೂ ಇಲ್ಲ. ಒಳಗೆ ಮೂರು ಕಲ್ಲಿನ ಒಲೆ, ರಾಗಿಯ ಗಡಿಗೆ, ಉಪ್ಪು. ರಾತ್ರಿ ಅಲ್ಲಿ ಯಾರೂ ಮಲಗುತ್ತಿರಲಿಲ್ಲ. ಆನೆ ಬಂದರೆ ಹುಲ್ಲು ಕಿತ್ತು ಹಾಕಿ, ಸಿಕ್ಕಿದ್ದನ್ನು ತಿಂದು, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಎರಡು ದಿನದಲ್ಲಿ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಇದೆಲ್ಲ ಆಕೆ ಬಿಡಿಸಿ ಬಿಡಿಸಿ ಹೇಳಿದಳು. ಅರ್ಥವಾಗದ ಮಾತು ಒಂದೂ ಇರಲಿಲ್ಲ.

ನನಗೆ ಕಂಡದ್ದು ಮಾತ್ರ ಬೇರೆ. ತಗಡಿನ ಮಾಡು, ಕೊಡೆ, ನಮ್ಮವ್ವನ ಕೆಮ್ಮು. ಈ ಹೆಂಗಸೂ ಜೀವಮಾನವಿಡೀ ಬಯಲಲ್ಲಿ ಬೇಯಿಸಿ, ಅದೇ ತನ್ನ ಹಣೆಬರಹ ಎಂದು ಒಪ್ಪಿಕೊಂಡುಬಿಟ್ಟಿದ್ದಾಳೆ ಅನ್ನಿಸಿತು. ಆಕೆಯ ಮೇಲೇ ಸಿಟ್ಟು ಬಂತು.

"ಅದಕ್ಕೇ ತಾನೇ ಬ್ಲಾಕಿನ ಗೋಡೆ ಕಟ್ಟಿಸ್ತಿರೋದು? ಇದೇನು ಬಿದಿರು ದಬ್ಬೆಯೇ, ಬಂದು ಕಿತ್ತು ಹಾಕೋಕೆ?" ಎಂದೆ.

"ಆನೆಗೆ ಗೋಡೆ ಯಾವ ಲೆಕ್ಕ ಕನಮ್ಮಾ?"

ಎಂಜಿನಿಯರು ನಕ್ಕರು. ನಾನು ನಗಲಿಲ್ಲ. ಅಡುಗೆಮನೆ ಬೇಡವಾದರೆ ಮನೆಯೂ ಇಲ್ಲ, ನಿಯಮ ಅಂದರೆ ನಿಯಮ ಎಂದುಬಿಟ್ಟೆ. ಆಕೆ ಒಮ್ಮೆ ತನ್ನ ಅವ್ವನ ಕಡೆ ನೋಡಿದಳು. ಮುದುಕಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿತ್ತು. ಹಿಂದಿನ ಮಳೆಗಾಲದಲ್ಲಿ ಅವರ ಮಲಗುವ ಗುಡಿಸಲು ಸೋರಿ ಆ ಮುದುಕಿ ಜ್ವರ ಹಿಡಿದು ಸಾಯುವಂತಾಗಿತ್ತು. ಸೋರದ ಮನೆ ಬೇಕಿತ್ತು ಆಕೆಗೆ, ಅಷ್ಟೇ. ಹೆಬ್ಬೆಟ್ಟು ಒತ್ತಿದಳು.

ಮನೆಗಳು ಎದ್ದವು. ಚೆನ್ನಾಗಿಯೇ ಎದ್ದವು. ಹನ್ನೆರಡು ಕುಟುಂಬದವರೂ ಹಗಲೆಲ್ಲ ಬ್ಲಾಕ್ ಹೊತ್ತರು. ಅದೇ ತಿಂಗಳುಗಳಲ್ಲಿ ಮಾವನಲ್ಲದ ಸುತ್ತ ರೆಸಾರ್ಟುಗಳೂ ಏಳುತ್ತಿದ್ದವು. ಒಂದು ರೆಸಾರ್ಟಿನವರು ಪ್ರವಾಸಿಗಳು ಕೂತು ಉಣ್ಣಲೆಂದು ಬಿದಿರಿನ ಕಂಬ, ಹುಲ್ಲಿನ ಮಾಡು ಹಾಕಿ ಗುಡಿಸಲು ಕಟ್ಟಿಸುತ್ತಿದ್ದರು. ಮೈಲಿ ದೂರದಲ್ಲಿ ಅವರು ಗುಡಿಸಲು ಎಬ್ಬಿಸುತ್ತಿದ್ದರು, ನಾನು ಇಲ್ಲಿ ಗುಡಿಸಲು ಕೆಡವಿಸುತ್ತಿದ್ದೆ. ದುಡ್ಡಿದ್ದವರ ಹುಚ್ಚಾಟ ಎಂದು ಜೀಪಿನಲ್ಲಿ ಎಂಜಿನಿಯರ ಹತ್ತಿರ ಬೈದುಕೊಂಡದ್ದು ನೆನಪಿದೆ. ನನ್ನ ಹುಚ್ಚಾಟ ನನಗೆ ಕಾಣಲಿಲ್ಲ.

ಕೆಡವುವ ದಿನ ನಾನೇ ಹೋಗಿದ್ದೆ. ಮಲಗುವ ಗುಡಿಸಲುಗಳನ್ನು ಅವರೇ ಬೇಗ ಬೇಗ ಬಿಚ್ಚಿದರು. ಒಲೆಗುಡಿಸಲಿನ ಹತ್ತಿರ ಮಾತ್ರ ನಿಂತರು. ಅದೂ ಗುಡಿಸಲೇ, ಅದೂ ಹೋಗಬೇಕು ಎಂದೆ. ದಾನಿಗಳ ಕಡೆಯವರು ಫೋಟೋ ತೆಗೆಯಲು ಬರುವವರಿದ್ದರು. ಫೋಟೋದಲ್ಲಿ ಹುಲ್ಲಿನ ಮಾಡು ಕಂಡರೆ ಮುಂದಿನ ಮನೆಗಳಿಗೆ ಸಂಚಕಾರ ಬರುತ್ತದೆ ಎಂಬ ಹೆದರಿಕೆ ನನಗೆ. ತೊರಪಳ್ಳಿ ಹತ್ತಿರ ಇನ್ನಷ್ಟು ಕುಟುಂಬಗಳು ನಮ್ಮ ಮನೆಗಾಗಿ ಕಾಯುತ್ತಿದ್ದವು.

"ನಿಮ್ಮ ಮನೆ, ನೀವು ಹೇಳ್ದಂಗೇ ಆಗ್ಲಿ" ಎಂದಳು ಆಕೆ.

"ನನ್ನ ಮನೆಯಲ್ಲ, ನಿನ್ನ ಮನೆ. ಪಟ್ಟಾ ನಿನ್ನ ಹೆಸರಲ್ಲಿದೆ."

"ನಮ್ದಾಗಿದ್ರೆ ಒಲೆ ನಾವು ಹೇಳ್ದ ಕಡೆ ಇರ್ತಿತ್ತು."

ಎಂಥ ಮಾತು! ಆಗಲಾದರೂ ನನ್ನ ಕಿವಿ ತೆರೆಯಬೇಕಿತ್ತು. ಎಷ್ಟು ಮಾಡಿದರೂ ಉಪಕಾರ ಸ್ಮರಣೆ ಇಲ್ಲ ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ. ಹನ್ನೆರಡು ಒಲೆಗುಡಿಸಲುಗಳೂ ಸಂಜೆಯೊಳಗೆ ನೆಲಸಮವಾದವು. ಹುಲ್ಲನ್ನು ಸುಟ್ಟೆವು.

ಗೃಹಪ್ರವೇಶದ ದಿನ ಆಕೆಯ ಕೈಯಲ್ಲೇ ಹೊಸ ಒಲೆ ಹಚ್ಚಿಸಿ ಹಾಲು ಉಕ್ಕಿಸಿದೆವು. ಫೋಟೋ ತೆಗೆದರು. ಆ ಮನೆಯ ಬಗ್ಗೆ ಒಳ್ಳೆಯ ಮಾತಾಡಿದ್ದು ಮುದುಕಿ ಒಬ್ಬಳೇ. ಒಂದೆರಡು ತಿಂಗಳು ಬಿಟ್ಟು, ಮೈ ಕೊರೆಯುವ ಚಳಿಯಲ್ಲಿ ನಾನು ಹೋದಾಗ ಅವಳು ಒಳಕೋಣೆಯಲ್ಲಿ, ಅಡುಗೆಮನೆಯ ಕಡೆಯ ಗೋಡೆಗೆ ಒರಗಿ ಚಾಪೆ ಹಾಸಿಕೊಂಡು ಕೂತಿದ್ದಳು. ಗೋಡೆಯ ಆಚೆ ಬದಿಗೆ ಒಲೆ. ಅವಳು ಅಂಗೈಯಿಂದ ಗೋಡೆ ತಟ್ಟಿ, ಹಲ್ಲಿಲ್ಲದ ಬಾಯಲ್ಲಿ ನಕ್ಕು, "ಬೆಚ್ಚಗದೆ" ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ನಮ್ಮವ್ವನಿಗೆ ಸಿಗದ್ದು ಇವಳಿಗಾದರೂ ಸಿಕ್ಕಿತಲ್ಲ ಎಂದು. ಆ ಒಂದು ಮಾತನ್ನು ನಾನು ಊಟಿಯಲ್ಲಿ ಎಷ್ಟು ಸಭೆಗಳಲ್ಲಿ ಹೇಳಿಕೊಂಡು ತಿರುಗಿದೆನೋ.

ಮುದುಕಿಯ ಮಗಳು ಮಾತ್ರ ಅಂದು ನನ್ನನ್ನು ಒಳಗೆ ಕರೆಯಲಿಲ್ಲ. ಹೊರಗೆ ಬಿಸಿಲಲ್ಲಿ ರಾಗಿ ಹರಡುತ್ತಿದ್ದಳು. ಆ ವರ್ಷ ಬೆಳೆ ಚೆನ್ನಾಗಿತ್ತು. ಎಲ್ಲಿಡುತ್ತೀ ಎಂದು ಕೇಳಿದೆ. "ಇನ್ನೆಲ್ಲಿ? ಒಳ್ಗೇ" ಎಂದಳು, ತಲೆ ಎತ್ತದೆ.

ಅದಾಗಿ ಹತ್ತು ದಿನಕ್ಕೆ, ಬೆಳಿಗ್ಗೆ ನಾನು ಆಫೀಸಿನ ಬೀಗ ತೆಗೆಯುವಾಗಲೇ ಫೋನು ಬಡಿದುಕೊಳ್ಳುತ್ತಿತ್ತು. ಮಸಿನಗುಡಿಯ ಅಂಗಡಿಯೊಂದರಿಂದ, ನಮ್ಮ ಮೇಸ್ತ್ರಿ. ನಸುಕಿನಲ್ಲಿ ಆನೆ ಬಂದಿತ್ತು. ಅಡುಗೆಮನೆಯ ಹೊರಗೋಡೆಯನ್ನು ಹಣೆಯಿಂದ ಒತ್ತಿತ್ತು. ಹೊರಗೋಡೆ ಒಳಗೋಡೆಯ ಮೇಲೆ ಬಿದ್ದಿತ್ತು, ಒಳಗೋಡೆ ಅದಕ್ಕೆ ಒರಗಿ ಮಲಗಿದ್ದ ಮುದುಕಿಯ ಮೇಲೆ. ಮಗಳು, ಮೊಮ್ಮಗಳು ಬಾಗಿಲ ಬಳಿ ಮಲಗಿದ್ದರಿಂದ ಹೊರಗೆ ಓಡಿ ಉಳಿದರು. ಆನೆ ರಾಗಿ ತಿಂದು, ಉಪ್ಪಿನ ಡಬ್ಬಿ ತುಳಿದು, ಹೋಗಿತ್ತು. ಒಬ್ಬ ಮನುಷ್ಯನ ಮೇಲೂ ಸೊಂಡಿಲು ಎತ್ತಿರಲಿಲ್ಲ.

ನಾನು ಹೋಗುವ ಹೊತ್ತಿಗೆ ಬ್ಲಾಕುಗಳನ್ನು ಸರಿಸಿ ಮುದುಕಿಯನ್ನು ಹುಣಸೆ ಮರದ ಕೆಳಗೆ ಮಲಗಿಸಿದ್ದರು. ಬಿದಿರು ದಬ್ಬೆಯ ಗೋಡೆ ಬಿದ್ದಿದ್ದರೆ ಮೈಮೇಲಿನ ಮಣ್ಣು ಕೊಡವಿಕೊಂಡು ಏಳುತ್ತಿದ್ದಳು. ಒಂದೊಂದು ಬ್ಲಾಕ್ ಎಷ್ಟು ಭಾರ ಎಂದು ನನಗೆ ಗೊತ್ತಿತ್ತು. ಗಟ್ಟಿಮುಟ್ಟಾಗಿರಲಿ ಎಂದು ಆರಿಸಿ ತರಿಸಿದವಳು ನಾನೇ. ನೆಲದ ಮೇಲೆ ರಾಗಿ ಚೆಲ್ಲಿತ್ತು. ಆಕೆ ಅದನ್ನು ಒಂದು ಕೈಯಲ್ಲಿ ಗುಡ್ಡೆ ಮಾಡುತ್ತಿದ್ದಳು, ಬೇರೆ ಏನೂ ಮಾಡಲು ತೋಚದೆ. ನನ್ನನ್ನು ನೋಡಿದಳು. ಮತ್ತೆ ರಾಗಿಗೆ ಕೈ ಹಾಕಿದಳು.

ವಾರ ಕಳೆದು ಸಮಿತಿ ಸಭೆ. ಅಧ್ಯಕ್ಷರು ಒಂದು ವರದಿಯನ್ನು ಟೈಪ್ ಮಾಡಿಸಿಯೇ ತಂದಿದ್ದರು. ಕುಟುಂಬದವರು ನಮ್ಮ ಸೂಚನೆ ಮೀರಿ ರಾಗಿ, ಉಪ್ಪನ್ನು ಮನೆಯೊಳಗೆ ಕೂಡಿಟ್ಟಿದ್ದರಿಂದ ಈ ಅನಾಹುತ ಆಯಿತು ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು.

"ಯಾವ ಸೂಚನೆ?" ಎಂದು ಕೇಳಿದೆ.

"ಕಾಡಂಚಿನಲ್ಲಿ ಧಾನ್ಯ ಒಳಗಿಡಬಾರದು ಅನ್ನೋದು ಯಾರಿಗೆ ಗೊತ್ತಿಲ್ಲಮ್ಮಾ?" ಎಂದರು. ಎಲ್ಲರಿಗೂ ಗೊತ್ತಿತ್ತಂತೆ! ನಕ್ಷೆ ಒಪ್ಪುವಾಗ ಇದೇ ಮೇಜಿನ ಸುತ್ತ ಕೂತಿದ್ದ ಒಬ್ಬರ ಬಾಯಿಂದಲೂ ಬಾರದ ಮಾತು ಈಗ ಎಲ್ಲರ ಬಾಯಲ್ಲಿ. ನೀನು ಸಹಿ ಹಾಕದಿದ್ದರೆ ದಾನಿಗಳು ಕೈಬಿಡುತ್ತಾರೆ, ತೊರಪಳ್ಳಿಯವರಿಗೆ ಏನು ಹೇಳುತ್ತೀಯ ಎಂದು ಇನ್ನೊಬ್ಬರು ಕೇಳಿದರು. ಸತ್ತವಳ ಮಗಳ ತಲೆಗೆ ತಪ್ಪು ಕಟ್ಟಿ ತೊರಪಳ್ಳಿಗೆ ಗೋಡೆ ಕಟ್ಟಬೇಕಾಗಿತ್ತು ಅವರಿಗೆ. ಆ ಕಾಗದವನ್ನು ನಾಲ್ಕು ತುಂಡು ಮಾಡಿ ಅಧ್ಯಕ್ಷರ ಚಹಾ ಬಟ್ಟಲಿನ ಪಕ್ಕ ಇಟ್ಟೆ. ಒಲೆ ಒಳಗೆ ಇಡಿಸಿದ್ದು ನಾನು, ಬೇಡ ಎಂದು ಆಕೆ ಹೇಳಿದ್ದಳು, ಹೊರಗಿನ ಗುಡಿಸಲು ಕೆಡವಿಸಿದ್ದೂ ನಾನೇ ಎಂದು ಬೇರೆ ಪತ್ರ ಬರೆದು, ದಾನಿಗಳಿಗೂ ಅರಣ್ಯದವರಿಗೂ ಕಳಿಸಿದೆ. ಕೆಲಸ ಹೋದರೆ ಹೋಗಲಿ ಎಂದು ಮೇಜು ಖಾಲಿ ಮಾಡಿಕೊಂಡು ಕೂತೆ.

ಏನೂ ಆಗಲಿಲ್ಲ. ಅದೇ ಇನ್ನೂ ಹೊಟ್ಟೆ ಉರಿಸಿದ್ದು. ದಾನಿಗಳಿಂದ ಎರಡು ಸಾಲಿನ ಸಂತಾಪ ಬಂತು, ಜೊತೆಗೆ ದುರಸ್ತಿಯಾದ ಅಡುಗೆಮನೆಯ ಫೋಟೋ ಕಳಿಸಿ ಎಂಬ ಸೂಚನೆ.

ನನ್ನ ಪತ್ರದ ನಕಲು ಹಿಡಿದು ಆಕೆಯ ಹತ್ತಿರ ಹೋದೆ. ಏನು ನಿರೀಕ್ಷಿಸಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ತಪ್ಪು ಒಪ್ಪಿಕೊಂಡವಳು ಎಂದು ಆಕೆ ನನ್ನನ್ನು ಕ್ಷಮಿಸಬೇಕಿತ್ತು. ಓದಿ ಹೇಳಿದೆ. ಆಕೆ ಮೇಕೆಯ ಕಾಲಿನ ಮುಳ್ಳು ತೆಗೆಯುತ್ತ ಕೇಳಿಸಿಕೊಂಡಳು.

"ಬರ್ದ್ರೆ ಬರ್ಕಳಿ. ಹುಲ್ಲಿಗೆ ಏನ್ಮಾಡ್ಲಿ ಹೇಳಿ?"

"ಯಾವ ಹುಲ್ಲು?"

"ಒಲೆಗುಡಿಸ್ಲಿಗೆ. ಈಗ ಹುಲ್ಲು ಕುಯ್ಯಕ್ಕೆ ಫಾರೆಸ್ಟ್ನೋರು ಬುಡಲ್ಲ. ಇದ್ದ ಹುಲ್ಲ ನೀವು ಸುಟ್ಬುಟ್ರಿ. ಅವತ್ತಿಂದ ಸರ್ಯಾಗಿ ಒಲೆನೇ ಹಚ್ಚಿಲ್ಲ. ಪಕ್ಕದೋರೂ ಒಳ್ಗೆ ಹಚ್ಚಕ್ಕೆ ಹೆದರ್ತಾವ್ರೆ."

ಆಕೆಗೆ ನನ್ನ ಪಶ್ಚಾತ್ತಾಪದಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆನೆ ಮತ್ತೆ ಬರುತ್ತಿತ್ತು. ಉಳಿದಿರುವುದು ಒಬ್ಬಳು ಮಗಳು. ಹೊರಗೆ ಒಂದು ಒಲೆ ಬೇಕಿತ್ತು, ಅದಕ್ಕೆ ಹುಲ್ಲು ಬೇಕಿತ್ತು.

ಹುಲ್ಲಿಗೆ ಅನುಮತಿ ಕೇಳಲು ಅರಣ್ಯದ ಒಬ್ಬ ಅಧಿಕಾರಿಯ ಬಳಿ ಹೋದೆ. ಅವರು ಶಾಂತವಾಗಿ ಫೈಲು ತೆಗೆಸಿ, ಒಂದು ಹಾಳೆ ನನ್ನ ಮುಂದೆ ಇಟ್ಟರು. ಈ ಹನ್ನೆರಡು ಕುಟುಂಬಗಳೂ ಪಕ್ಕಾ ಮನೆಗೆ ಬಂದಿವೆ, ಇನ್ನು ಮುಂದೆ ಇಲ್ಲಿ ಗುಡಿಸಲು ಇರುವುದಿಲ್ಲ ಎಂದು ನಾನೇ ಸಹಿ ಹಾಕಿ ಕೊಟ್ಟ ಪ್ರಮಾಣಪತ್ರ. ಗುಡಿಸಲೇ ಇಲ್ಲದವರಿಗೆ ಹುಲ್ಲು ಯಾಕಮ್ಮಾ ಎಂದರು. ಎಲ್ಲ ಆಫೀಸುಗಳಲ್ಲೂ ಕೂಗಾಡಿದವಳು ನನ್ನದೇ ಸಹಿ ಇದ್ದ ಹಾಳೆಯನ್ನು ಫೈಲಿಗೆ ಹಿಂದಿಟ್ಟು ಎದ್ದುಬಂದೆ.

ಅಲ್ಲಿಂದ ನೇರ ರೆಸಾರ್ಟಿಗೆ ಹೋದೆ. ಅದರ ಮಾಲೀಕ ಬಹಳ ಮರ್ಯಾದೆಯ ಮನುಷ್ಯ, ಹುಲ್ಲಿನ ಮಾಡಿನ ಕೆಳಗೆ ಕೂರಿಸಿ ಕಾಫಿ ತರಿಸಿದ. ಹುಲ್ಲು ಮೈಸೂರು ಕಡೆಯಿಂದ ಲಾರಿಯಲ್ಲಿ ಬರುತ್ತದೆ, ಅತಿಥಿಗಳಿಗೆ ಇದೇ ಇಷ್ಟ, ಹಳ್ಳಿಯ ವಾತಾವರಣ ಎಂದ. ನನಗೆ ತಲೆ ಕೆಟ್ಟುಹೋಯಿತು. ಪಾಪ, ಅವನದೇನು ತಪ್ಪಿತ್ತು? ಆದರೂ ಕಾಫಿ ಲೋಟವನ್ನು ಕುಕ್ಕಿ, ಬಾಯಿಗೆ ಬಂದದ್ದನ್ನೆಲ್ಲ ಅಂದು ಎದ್ದುಬಂದೆ. ಲಾರಿಯ ವಿಷಯ ಮಾತ್ರ ತಲೆಯಲ್ಲಿ ಉಳಿಯಿತು.

ಗುಂಡ್ಲುಪೇಟೆಯಲ್ಲಿ ಅಪ್ಪನ ಕಡೆಯ ನೆಂಟರಿಗೆ ಫೋನು ಮಾಡಿ ಒಂದು ಲಾರಿ ಹುಲ್ಲು ತರಿಸಿದೆ. ಮುದುಮಲೆಯ ಚೆಕ್‌ಪೋಸ್ಟಿನಲ್ಲಿ ಏನು ಎಂದು ಕೇಳಿದಾಗ ಕಟ್ಟಡದ ಸಾಮಾನು ಎಂದೆ. ಸುಳ್ಳೇನಲ್ಲ. ಹತ್ತು ವರ್ಷದಲ್ಲಿ ನಾನು ತರಿಸಿದ ಸಾಮಾನಿನಲ್ಲಿ ಅದೊಂದೇ ಅವರು ಕೇಳಿದ ಸಾಮಾನು.

ಹುಣಸೆ ಮರದ ಕೆಳಗೆ ಹುಲ್ಲು ಇಳಿಸಿದೆವು. ಗಂಡಸರು ಬಿದಿರು ಸೀಳಲು ಕೂತರು. ನಾನು ಆಕೆಯ ಮುಂದೆ ನಿಂತು ಮೊದಲ ಸಲ ಬಹುವಚನದಲ್ಲಿ ಕೇಳಿದೆ: "ಎಲ್ಲಿ ಕಟ್ಟಬೇಕು, ನೀವೇ ಹೇಳಿ."

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು.

"ಅವತ್ತೇ ಇದೇ ಮರದ ಬುಡ್ದಲ್ಲಿ ಹೇಳಿದ್ನಲ್ಲಮ್ಮಾ" ಎಂದಳು.

ಹೊಸಿಲಿನಿಂದ ಮೂವತ್ತು ಹೆಜ್ಜೆ ನಡೆದು, ಕಾಲ ಹೆಬ್ಬೆರಳಿನಿಂದ ನೆಲದಲ್ಲಿ ಗೀರು ಎಳೆದಳು. ಹಳೆಯ ಒಲೆಯ ಮೂರು ಕಲ್ಲುಗಳು ಅಲ್ಲೇ ಕಪ್ಪಗೆ ಕೂತಿದ್ದವು. ಅವನ್ನು ಯಾರೂ ಕಿತ್ತಿರಲಿಲ್ಲ. ಆಮೇಲೆ ಮೇಸ್ತ್ರಿ ಅಡುಗೆಮನೆಯ ಉಳಿದ ಗೋಡೆಗಳನ್ನು ಬಿಚ್ಚಿ, ಒಳಕೋಣೆಯ ಗೋಡೆಯನ್ನು ಮತ್ತೆ ಎಬ್ಬಿಸಿ ಕಟ್ಟಿದ. ಉಳಿದ ಹನ್ನೊಂದು ಮನೆಯವರೂ ಒಲೆಯನ್ನು ಹೊರಗೆ ಹಾಕಿಕೊಂಡರು. ದಾನಿಗಳಿಗೆ ನಾನು ಫೋಟೋ ಕಳಿಸಲಿಲ್ಲ. ಮೂರು ಸಲ ಜ್ಞಾಪಿಸಿ ಬರೆದರು. ನಾಲ್ಕನೆಯ ಸಲಕ್ಕೆ ಮೂರು ಕಲ್ಲಿನ ಒಲೆಯ ಫೋಟೋ ಕಳಿಸಿದೆ. ಮತ್ತೆ ಅವರ ಪತ್ರ ಬರಲಿಲ್ಲ. ತೊರಪಳ್ಳಿಯ ಮನೆಗಳಿಗೆ ಬೇರೆ ಕಡೆ ಹಣ ಹುಡುಕಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಅಲ್ಲಿನವರು ಸೋರುವ ಮಾಡಿನ ಕೆಳಗೇ ಇದ್ದರು. ಅದರ ಹೊಣೆಯೂ ನನ್ನದೇ.

ಆ ಹುಲ್ಲು ಇಳಿಸಿ ಊಟಿಗೆ ವಾಪಸ್ ಬಂದ ಮೇಲೆ ಹಳೆಯ ನಡಾವಳಿ ಪುಸ್ತಕ ತೆಗೆದು ಆ ಹುಣಸೆ ಮರದ ಸಭೆಯ ಪುಟ ಹುಡುಕಿದೆ. ಬಂದವರ ಹೆಬ್ಬೆಟ್ಟುಗಳು ಸಾಲಾಗಿದ್ದವು. ಆಕೆ ಹೇಳಿದ ಆನೆ ಇಲ್ಲ, ರಾಗಿ ಇಲ್ಲ, ಮೂವತ್ತು ಹೆಜ್ಜೆ ಇಲ್ಲ. ನಕ್ಷೆಯನ್ನು ವಿವರಿಸಲಾಯಿತು, ಎಲ್ಲರೂ ಸಂತೋಷದಿಂದ ಒಪ್ಪಿದರು ಎಂದಿತ್ತು. ದುಂಡಗಿನ ಅಕ್ಷರ, ನನ್ನದೇ. ಎಷ್ಟು ಆಫೀಸುಗಳಲ್ಲಿ, ಬಡವರ ಮಾತನ್ನು ನೀವು ಬರೆದುಕೊಳ್ಳುವುದೇ ಇಲ್ಲ ಎಂದು ನಾನು ಮೇಜು ಗುದ್ದಿದ್ದೆ! ಆ ಪುಟ ಹರಿಯಬೇಕು ಅನ್ನಿಸಿತು. ಹರಿಯಲಿಲ್ಲ, ಅಲ್ಲೇ ಇರಲಿ ಎಂದು ಬಿಟ್ಟೆ.

ಮುಂದಿನ ವರ್ಷ ರಾಗಿ ಕೊಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಮಸಿನಗುಡಿ ಬಸ್ಸಿನ ಕಂಡಕ್ಟರು ಆಫೀಸಿಗೆ ಬಂದರು. ಆಕೆ ಹೇಳಿ ಕಳಿಸಿದ್ದನ್ನು ಹೇಳಿದಂತೆಯೇ ಒಪ್ಪಿಸಿದರು: "ಆನೆ ಬಂದಿತ್ತು. ಒಲೆಗುಡಿಸ್ಲು ಹೋಯ್ತು, ರಾಗಿನೂ ಹೋಯ್ತು. ನಾವೆಲ್ಲ ಇದ್ದೀವಿ. ಅಮ್ಮಾವ್ರು ಬರೋದೇನೂ ಬ್ಯಾಡ, ಹುಲ್ಲು ಮಿಕ್ಕದೆ, ನಾಡಿದ್ದುಕ್ಕೆ ಕಟ್ಕತೀವಿ."

ಅವರು ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಕೂತೆ. ಮುದುಕಿ ಇದ್ದಿದ್ದರೆ ಆ ಬೆಳಿಗ್ಗೆಯೂ ಎದ್ದು, ಹೊರಗೆ ಬಂದು, ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು.